ಕರಿಬೇವಿಗೂ ನಾಯಿಗೂ ಚಳಿಗಾಲ

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಹೊರಗೆ ಮೈನಸ್ 25 ಡಿಗ್ರಿ ಸೆಲ್ಸಿಯಸ್. ಕುಂಡದ ಕರಿಬೇವು ಎಲೆ ಉದುರಿಸುತ್ತಿದೆ. ನಾಯಿ ಹೊರಗಿನಿಂದ ಬಂದೊಡನೆ ಪಾದ ನೆಕ್ಕುತ್ತದೆ. ಏನು ಮಾಡಬೇಕು?

ಉತ್ತರ: ಗಿಡ ಸತ್ತಿತೆಂದು ಕೀಳಬೇಡಿ. ಕಾಂಡವನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ, ಅದು ಚಳಿ ಮತ್ತು ಬೆಳಕಿನ ಕೊರತೆಯಿಂದ ಸುಪ್ತಾವಸ್ಥೆಗೆ ಸರಿದಿದೆಯಷ್ಟೆ. ಎಲೆ ಉದುರಿತೆಂಬ ಗಾಬರಿಯಲ್ಲಿ ಸುರಿಯುವ ನೀರೇ ಬೇರನ್ನು ಕೊಳೆಸುವುದರಿಂದ, ಮೇಲ್ಮಣ್ಣು ಒಂದು ಅಂಗುಲದಷ್ಟು ಒಣಗಿದ ಮೇಲೆಯೇ ನೀರುಣಿಸಿ, ಗೊಬ್ಬರವನ್ನು ವಸಂತದವರೆಗೆ ನಿಲ್ಲಿಸಿ, ಕುಂಡವನ್ನು ಬಿಸಿಲಿನ ಕಿಟಕಿಯ ಬಳಿ, ಆದರೆ ಎಲೆಗಳು ಗಾಜಿಗೆ ತಾಗದಂತೆಯೂ ಹೀಟರಿನ ಗಾಳಿ ನೇರವಾಗಿ ಬೀಸದಂತೆಯೂ ಇರಿಸಿ.

ನಾಯಿಯನ್ನು ಕಾಡುತ್ತಿರುವುದು ಬಹುಶಃ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು. ಪಾದಗಳನ್ನು, ಬೆರಳ ಸಂದುಗಳನ್ನೂ ಬಿಡದೆ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ. ಗ್ಯಾರೇಜಿನಲ್ಲಿ ಸೋರಿದ ಆಂಟಿಫ್ರೀಜ್ (ಕಾರಿನ ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ನಾಯಿಗೆ ಮಾರಕ ವಿಷ; ನೆಕ್ಕಿದ ಅನುಮಾನ ಬಂದರೆ ಲಕ್ಷಣಗಳಿಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.