ಕೊಪ್ಪಳದ ಕಿರಿಯ ಸೈನಿಕರ ಓದಿಗೆ ಊರಿನವರೇ ಸೇರಿ ಸಣ್ಣ ನಿಧಿ ಮಾಡಬಹುದಾ?

ಖಂಡಿತ ಮಾಡಬಹುದು, ಮಾಡಲೇಬೇಕು. ನಮ್ಮ ಕಡೆ ಎಷ್ಟೋ ಹುಡುಗರು ಪಿಯುಸಿ ಮುಗಿಸಿ ಸೇನೆಗೆ ಸೇರುತ್ತಾರೆ, ಡಿಗ್ರಿ ಆಸೆ ಹಾಗೇ ಉಳಿಯುತ್ತದೆ. ಅಗ್ನಿವೀರರಿಗಂತೂ ಓದು ಇನ್ನೂ ಮುಖ್ಯ. 2022ರ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆಯ ಬಳಿಕ ಕಾಯಂ ಆಗುವವರು ಗರಿಷ್ಠ ಶೇ 25 ಮಾತ್ರ ಅಲ್ವಾ?

ನಂಬಿಕಸ್ಥರು ಮೂರ್ನಾಲ್ಕು ಜನ ಸೇರಿ ನಿಧಿಗೆ ಟ್ರಸ್ಟ್ ಡೀಡ್ (ಟ್ರಸ್ಟ್‌ನ ಉದ್ದೇಶ, ನಿಯಮಗಳ ಪತ್ರ) ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಪ್ಯಾನ್, ಬ್ಯಾಂಕ್ ಖಾತೆ ಟ್ರಸ್ಟ್ ಹೆಸರಲ್ಲೇ ಇರಲಿ.

ಅಸಲನ್ನು ಮಾತ್ರ ಮುಟ್ಟಬೇಡಿ. 5 ಲಕ್ಷ ರೂಪಾಯಿಗೆ ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 35,000 ಬರುತ್ತದೆ. ಇಗ್ನೋ ಅಥವಾ ಮೈಸೂರಿನ ಮುಕ್ತ ವಿವಿಯಲ್ಲಿ ಓದುವ ಒಂದಿಬ್ಬರ ಶುಲ್ಕಕ್ಕೆ ಧಾರಾಳವಾಗಿ ಸಾಕು. ಶುಲ್ಕದ ರಸೀದಿ ನೋಡಿಯೇ ಹಣ ಓದುವವರ ಖಾತೆಗೆ ಹಾಕಿ. ಟ್ರಸ್ಟಿಗಳ ಮನೆಯವರಿಗೆ ಕೊಡುವಂತಿಲ್ಲ ಎಂದು ಡೀಡ್‌ನಲ್ಲೇ ಬರೆಸಿಬಿಡಿ.