ಬಟನ್ ಒಂದು ಸಲ ಒತ್ತಿದರೆ ಸಾಕೇ?

ಪ್ರಶ್ನೆ: ನಮ್ಮ ಮನೆ ಹತ್ತಿರದ ದೊಡ್ಡ ರಸ್ತೆಯಲ್ಲಿ ಬಟನ್ ಒತ್ತಿ ದಾಟುವ ಸಿಗ್ನಲ್ ಇದೆ. ನನ್ನ ಅಮ್ಮನಿಗೆ 74 ವರ್ಷ. ದಿನಾ ಬೆಳಿಗ್ಗೆ ಹೂವು ತರಲು ಆ ಕಡೆ ಹೋಗುತ್ತಾರೆ. ಬಟನ್ ಒತ್ತಿದ ತಕ್ಷಣ ಹಸಿರು ಬರುವುದಿಲ್ಲ. ಹತ್ತು ಸಲ ಒತ್ತುತ್ತಾರೆ. ಅರ್ಧ ರಸ್ತೆ ದಾಟುವಷ್ಟರಲ್ಲಿ ಹಸಿರು ಮಿನುಗುತ್ತದೆ, ಗಾಬರಿಯಾಗಿ ಹಿಂದಕ್ಕೆ ಬಂದುಬಿಡುತ್ತಾರೆ. ಆ ಬಟನ್ ನಿಜವಾಗಿ ಕೆಲಸ ಮಾಡುತ್ತಾ, ಸುಮ್ನೆ ಇಟ್ಟಿದ್ದಾರಾ?
– ಓದುಗರು, ಬೆಂಗಳೂರು

ಉತ್ತರ: ಬಟನ್ ವಿಷಯ ಆಮೇಲೆ. ಇವತ್ತೇ ಅಮ್ಮನಿಗೆ ಒಂದು ಮಾತು ಹೇಳಿ. ಹಸಿರು ಮಿನುಗಿದರೆ ಹಿಂದಕ್ಕೆ ಬರಬೇಡಿ, ಮುಂದಕ್ಕೇ ಹೋಗಿ. ಮಿನುಗುವುದು ಇನ್ನೂ ಫುಟ್‌ಪಾತ್ ಮೇಲಿರುವವರಿಗೆ, ‘ಈಗ ಇಳಿಯಬೇಡಿ’ ಅಂತ. ರಸ್ತೆಗೆ ಇಳಿದವರು ದಾಟಿ ಮುಗಿಸಲಿ ಅಂತಲೇ ಆ ಹೊತ್ತನ್ನು ಇಟ್ಟಿರುತ್ತಾರೆ.

ಲೆಕ್ಕ ನೋಡಿ. ರಸ್ತೆ 14 ಮೀಟರ್ ಅಗಲ ಅಂದುಕೊಳ್ಳೋಣ. ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಹಾಗಾಗಿ ಮಿನುಗುವ ಹೊತ್ತು ಸುಮಾರು 12 ಸೆಕೆಂಡು. ಅದಕ್ಕೆ ಮೊದಲು ಹಸಿರು 7 ಸೆಕೆಂಡು ನಿಂತಿತು ಅನ್ನಿ. ನಿಮ್ಮ ಅಮ್ಮ ಸೆಕೆಂಡಿಗೆ 0.8 ಮೀಟರ್ ನಡೆದರೂ ಪೂರ್ತಿ ದಾಟಲು ಹದಿನೇಳೂವರೆ ಸೆಕೆಂಡು ಸಾಕು. ಕೈಯಲ್ಲಿರುವುದು 19. ಮಿನುಗಲು ಶುರುವಾದಾಗ ಅವರು ಐದೂವರೆ ಮೀಟರ್ ದಾಟಿರುತ್ತಾರೆ, ನೀವು ಬರೆದ ಹಾಗೆ ಹೆಚ್ಚುಕಡಿಮೆ ಅರ್ಧ. ಸೀದಾ ನಡೆದರೆ ಮುಟ್ಟುತ್ತಾರೆ. ಆದರೆ ಹಸಿರು ಬಂದು ಒಂದೂವರೆ ಸೆಕೆಂಡಿಗಿಂತ ತಡವಾಗಿ ಇಳಿದರೆ ಸಾಲುವುದಿಲ್ಲ. ಆಗ ಮುಂದಿನ ಹಸಿರಿಗೆ ಕಾಯುವುದೇ ಒಳ್ಳೆಯದು.

ಇನ್ನು ಬಟನ್. ನಾನು ಇಪ್ಪತ್ತೆರಡು ವರ್ಷ ಸಿಗ್ನಲ್ ರಿಪೇರಿ ಮಾಡಿದವನು, ಈ ಪ್ರಶ್ನೆ ರಸ್ತೆಯಲ್ಲೇ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಬಟನ್ ಒತ್ತಿದರೆ ದೀಪ ಬದಲಾಗುವುದಿಲ್ಲ. ‘ಇಲ್ಲಿ ಒಬ್ಬರು ಕಾಯ್ತಿದ್ದಾರೆ’ ಅಂತ ಪಕ್ಕದ ಪೆಟ್ಟಿಗೆಯಲ್ಲಿರುವ ಕಂಟ್ರೋಲರ್‌ಗೆ ಸುದ್ದಿ ಹೋಗುತ್ತದೆ, ಅಷ್ಟೇ. ಅದು ನೆನಪಿಟ್ಟುಕೊಳ್ಳುತ್ತದೆ. ಹೋಟೆಲಿನಲ್ಲಿ ಒಂದು ಸಲ ದೋಸೆ ಹೇಳಿದ ಮೇಲೆ ಮತ್ತೆ ಮತ್ತೆ ಹೇಳಿದರೆ ಬೇಗ ಬರುತ್ತದೆಯೇ? ಹಾಗೇ ಇದೂ. ವಾಹನಗಳ ಹಸಿರಿಗೆ ಕನಿಷ್ಠ ಇಷ್ಟು ಹೊತ್ತು ಅಂತ ಇರುತ್ತದೆ. ಅದು ಮುಗಿಯಬೇಕು, ಹಳದಿ ಬರಬೇಕು, ಒಂದೆರಡು ಸೆಕೆಂಡು ಎಲ್ಲ ಕಡೆ ಕೆಂಪು ಇರಬೇಕು. ಆಮೇಲೆ ನಮ್ಮ ಹಸಿರು. ಅಕ್ಕಪಕ್ಕದ ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿದ್ದರೆ ಕಾಯುವುದು ಇನ್ನೂ ಜಾಸ್ತಿ.

‘ಸುಮ್ನೆ ಇಟ್ಟಿದ್ದಾರಾ’ ಅನ್ನುವ ಅನುಮಾನವನ್ನೂ ತಳ್ಳಿಹಾಕಲಾರೆ. ನ್ಯೂಯಾರ್ಕ್ ನಗರದಲ್ಲಿ ಸುಮಾರು 3,250 ಬಟನ್‌ಗಳ ಪೈಕಿ 2,500ಕ್ಕೂ ಹೆಚ್ಚು ಕೆಲಸ ಮಾಡುತ್ತಿಲ್ಲ ಅಂತ 2004ರಲ್ಲಿ ಸುದ್ದಿಯಾಗಿತ್ತು. ಸಿಗ್ನಲ್‌ಗಳು ಕಂಪ್ಯೂಟರ್‌ಗೆ ಹೋದವು, ಬಟನ್‌ಗಳು ಕಂಬದಲ್ಲೇ ಉಳಿದವು. ಅಂಥ ಕಡೆ ಒತ್ತಿದರೂ ಬಿಟ್ಟರೂ ಹಸಿರು ಅದರ ಪಾಡಿಗೆ ಬರುತ್ತದೆ.

ಬಟನ್ ಕೆಡುವುದೂ ಉಂಟು. ಒಂದು ಮಳೆಗಾಲದಲ್ಲಿ ನಾನು ಬಟನ್ ಡಬ್ಬಿ ಬಿಚ್ಚಿದಾಗ ಒಳಗೆ ಇರುವೆ ಗೂಡು. ಒದ್ದೆ ಮಣ್ಣು, ಬಿಳಿ ಮೊಟ್ಟೆಗಳು, ಹಸಿರು ಕಿಲುಬು ಹಿಡಿದ ತಾಮ್ರದ ತಂತಿ. ಒತ್ತಿದ ಬಟನ್ ಮೇಲೆ ಬಾರದೆ ಒಳಗೇ ಅಂಟಿಕೊಂಡಿತ್ತು. ಹಗಲು ರಾತ್ರಿ ಯಾರೋ ಒತ್ತುತ್ತಲೇ ಇದ್ದಾರೆ ಅಂತ ಕಂಟ್ರೋಲರ್ ತಿಳಿದಿತ್ತು. ಯಾರೂ ಇಲ್ಲದೆ ವಾಹನಗಳು ಪ್ರತಿ ಸುತ್ತಿಗೂ ನಿಂತವು. ಕೆಲವು ದಿನಕ್ಕೆ ಸವಾರರು ಆ ಕೆಂಪು ದೀಪಕ್ಕೆ ನಿಲ್ಲುವುದನ್ನೇ ಬಿಟ್ಟರು. ಬಟನ್ ಸರಿ ಮಾಡಿದೆವು. ಆದರೂ ಅಲ್ಲಿ ಹಸಿರು ನಂಬಿ ರಸ್ತೆಗೆ ಇಳಿಯಲು ಜನ ಬಹಳ ದಿನ ಹೆದರಿದರು. ಅದು ನನ್ನನ್ನು ಈಗಲೂ ಕಾಡುತ್ತದೆ. ತಂತಿ ತುಂಡಾದರೆ ಉಲ್ಟಾ: ಎಷ್ಟು ಒತ್ತಿದರೂ ಸುದ್ದಿ ಮುಟ್ಟುವುದೇ ಇಲ್ಲ.

ನಿಮ್ಮ ಕಡೆಯ ಬಟನ್ ಯಾವ ಥರದ್ದು ಅಂತ ನೀವೇ ನೋಡಬಹುದು. ಜನ ಕಡಿಮೆ ಇರುವಾಗ ಹೋಗಿ, ಎರಡೂ ಕಡೆ ಯಾರೂ ಒತ್ತದ ಹಾಗೆ ನೋಡಿಕೊಂಡು ಐದಾರು ನಿಮಿಷ ನಿಲ್ಲಿ. ಹಸಿರು ತಾನಾಗೇ ಬಂದರೆ ಬಟನ್‌ನಿಂದ ಏನೂ ವ್ಯತ್ಯಾಸವಿಲ್ಲ, ಇಲ್ಲವೇ ಅಂಟಿಕೊಂಡಿದೆ. ಒತ್ತಿದ ಮೇಲೆ ಮಾತ್ರ ಬಂದರೆ ಸರಿಯಾಗಿದೆ. ಒತ್ತಿದರೂ ಬಾರದಿದ್ದರೆ ಕೆಟ್ಟಿದೆ, ಸಂಚಾರ ಪೊಲೀಸರಿಗೆ ಬರೆಯಿರಿ.

ಹೊತ್ತು ಸಾಲದಿದ್ದರೂ ಬರೆಯಿರಿ. ಸಿಂಗಾಪುರದಲ್ಲಿ 2009ರಿಂದ ಕೆಲವು ಕ್ರಾಸಿಂಗ್‌ಗಳಲ್ಲಿ ಹಿರಿಯರು ತಮ್ಮ ಕಾರ್ಡ್ ತೋರಿಸಿದರೆ ಹಸಿರು 3ರಿಂದ 13 ಸೆಕೆಂಡು ಹೆಚ್ಚು ನಿಲ್ಲುತ್ತದೆ. ನಮ್ಮಲ್ಲಿ ಅಷ್ಟು ಬೇಡ, ಕಂಟ್ರೋಲರ್‌ನಲ್ಲಿ ಅಂಕಿ ಬದಲಿಸಿದರೂ ಆಯಿತು. ಮನೆ ಮುಂದೆ 10 ಮೀಟರ್ ಅಳೆದು, ಅಮ್ಮ ಎಷ್ಟು ಸೆಕೆಂಡಿಗೆ ನಡೆಯುತ್ತಾರೆ ನೋಡಿ. ಅದನ್ನೂ ರಸ್ತೆಯ ಅಗಲವನ್ನೂ ಅರ್ಜಿಯಲ್ಲಿ ಬರೆಯಿರಿ.