ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗಲ್ಲ, ಬಿಟ್ಟರೆ ತಾನೇ ಸರಿಹೋಗುತ್ತೆ: ಸೆಲ್ಫ್ ಬದಲಾಯಿಸಬೇಕಾ?

ನಮಸ್ಕಾರ. ನೀವು ಹೇಳಿರುವುದು ಇಷ್ಟು ಅಲ್ವಾ: ಹಳೆಯ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಕೆಲವು ಸಲ "ಏನೂ ಆಗುವುದಿಲ್ಲ". ಸ್ವಲ್ಪ ಹೊತ್ತು ಬಿಟ್ಟರೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿಸಿ ಆಯ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಗಾಡಿ ಚೆನ್ನಾಗಿಯೇ ಇರುತ್ತದೆ. ಈಗ ಸೆಲ್ಫ್ ಮೋಟರ್ (ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಬದಲಾಯಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಸೆಲ್ಫೇ ಹೋಗಿರಬಹುದು, ನಿಮ್ಮ ವಿವರಣೆಗೆ ಅದು ಹೊಂದುತ್ತದೆ. ಆದರೆ ಇನ್ನೂ ನಾಲ್ಕೈದು ಕಾರಣಗಳೂ ಅಷ್ಟೇ ಚೆನ್ನಾಗಿ ಹೊಂದುತ್ತವೆ, ಅವುಗಳಲ್ಲಿ ಕೆಲವಕ್ಕೆ ಖರ್ಚೇ ಇಲ್ಲ. ನಾನು ಕಾರಿನ ವೈರಿಂಗ್ ಕೆಲಸ ಮಾಡುವವನು. ಇಂಥ ಗಾಡಿಗಳು ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಬ್ಯಾಟರಿ ಹೊಸದು, ಸೆಲ್ಫ್ ಹೊಸದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹೊಸದು. ತೊಂದರೆ ಮಾತ್ರ ಹಾಗೇ ಉಳಿದಿರುತ್ತದೆ. ಪಾಪ, ಮಾಲೀಕರಿಗೆ ಗಾಡಿಯ ಮೇಲಿನ ನಂಬಿಕೆಯೇ ಹೋಗಿರುತ್ತದೆ. ಬಿಟ್ಟು ಬಿಟ್ಟು ಬರುವ ದೋಷವನ್ನು ಅದು ಬಂದ ಹೊತ್ತಿನಲ್ಲೇ ಹಿಡಿಯಬೇಕು. ಚೆನ್ನಾಗಿ ಸ್ಟಾರ್ಟ್ ಆಗುತ್ತಿರುವ ಗಾಡಿಯನ್ನು ಎಷ್ಟು ಚೆಕ್ ಮಾಡಿದರೂ ಎಲ್ಲ ಸರಿಯಾಗಿದೆ ಅಂತಲೇ ಬರುತ್ತದೆ.

ಮೊದಲು ಆ "ಏನೂ ಆಗುವುದಿಲ್ಲ" ಅನ್ನುವ ಮಾತನ್ನು ಬಿಡಿಸೋಣ. ಕೀ ತಿರುಗಿಸಿದಾಗ ಇಂಜಿನ್ ತಿರುಗುವ ಸದ್ದು ಬರುತ್ತದೆಯೋ ಇಲ್ಲವೋ? ಇಡೀ ಹುಡುಕಾಟ ಇಲ್ಲಿ ಎರಡು ದಾರಿಯಾಗುತ್ತದೆ. ಇಂಜಿನ್ ಗಿರಗಿರ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್, ಕಿಡಿ, ಸೆನ್ಸರ್ ಕಡೆ ನೋಡಬೇಕು. ಸೆಲ್ಫ್ ತನ್ನ ಕೆಲಸ ಮಾಡಿದೆ. ತಿರುಗದೇ ಇದ್ದರೆ ಬ್ಯಾಟರಿಯಿಂದ ಸೆಲ್ಫ್‌ವರೆಗಿನ ದಾರಿಯಲ್ಲಿ ಎಲ್ಲೋ ತಡೆ ಇದೆ. ತಿರುಗದಿದ್ದಾಗಲೂ ಸದ್ದಿನಲ್ಲಿ ವ್ಯತ್ಯಾಸ ಇರುತ್ತದೆ. ಟಕಟಕಟಕ ಅಂತ ಬೇಗಬೇಗ ಹೊಡೆದುಕೊಂಡರೆ ಕರೆಂಟ್ ಸಾಕಾಗುತ್ತಿಲ್ಲ: ಒಂದೋ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂಡುವ ಜಾಗ) ಸಡಿಲ. ಒಂದೇ ಒಂದು ಗಟ್ಟಿ ಟಕ್, ಆಮೇಲೆ ಮೌನ ಅಂದರೆ ಸೊಲೆನಾಯ್ಡ್ (ಸೆಲ್ಫಿನ ಮೇಲಿರುವ, ಮೋಟರಿಗೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್) ಎಳೆದುಕೊಂಡಿದೆ, ಮೋಟರ್ ತಿರುಗಿಲ್ಲ. ಟಕ್ ಕೂಡ ಇಲ್ಲದಿದ್ದರೆ ಸಾಮಾನ್ಯವಾಗಿ ಸೊಲೆನಾಯ್ಡಿಗೆ ಸುದ್ದಿಯೇ ಹೋಗಿಲ್ಲ.

ಅದೇ ಹೊತ್ತಿಗೆ ಹೆಡ್‌ಲೈಟ್ ಹಾಕಿ ನೋಡಿ. ಕೆಲವು ಗಾಡಿಗಳಲ್ಲಿ ಸ್ಟಾರ್ಟ್ ಮಾಡುವಾಗ ಹೆಡ್‌ಲೈಟ್ ತಾನೇ ಆರುತ್ತದೆ, ಹಾಗಿದ್ದರೆ ಒಳಗಿನ ರೂಫ್ ಲೈಟ್ ನೋಡಿ. ಕೀ ತಿರುಗಿಸಿದ ಕೂಡಲೇ ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಕಡೆ ಅನುಮಾನ. ಲೈಟ್ ಸ್ವಲ್ಪವೂ ಅಲುಗಾಡದೆ ಉರಿಯುತ್ತಿದ್ದರೆ ಸೆಲ್ಫ್ ಕರೆಂಟನ್ನೇ ಎಳೆಯುತ್ತಿಲ್ಲ.

ನಿಮ್ಮ ಕಾರು ಬೆಳಿಗ್ಗೆ ತೊಂದರೆ ಕೊಡುವುದಿಲ್ಲ ಅನ್ನುವುದು ಒಳ್ಳೆಯ ಸುಳಿವು. ರಾತ್ರಿಯೆಲ್ಲ ಕರೆಂಟ್ ಸೋರಿ ಬ್ಯಾಟರಿ ಇಳಿಯುವ ಕಾಯಿಲೆ ಇದ್ದರೆ ಬೆಳಿಗ್ಗೆಯೇ ಜಾಸ್ತಿ ಕಾಡುತ್ತಿತ್ತು. ಆದರೂ ಮಲ್ಟಿಮೀಟರ್ ಇಟ್ಟು ಒಮ್ಮೆ ನೋಡಿಬಿಡಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಇಷ್ಟು ಸರಿ ಇದ್ದರೆ ಬ್ಯಾಟರಿಯ ಮಾತು ಬಿಟ್ಟುಬಿಡಿ.

ಇನ್ನು ಟಕ್ ಕೂಡ ಬರದ ಸ್ಥಿತಿ. ಈಚಿನ ಎಷ್ಟೋ ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ. ಪೆಡಲ್ ಮೇಲ್ಭಾಗದಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಬಗ್ಗಿ, ಟಾರ್ಚ್ ಹಾಕಿ, ಕೈಯಲ್ಲಿ ಪೆಡಲ್ ಒತ್ತಿ ನೋಡಿ. ಕೆಲವು ಸಲ ಪೆಡಲಿನ ಜೊತೆ ಬರುವ ರಬ್ಬರ್ ಬಟನ್ ಸವೆದು ಪುಡಿಯಾಗಿರುತ್ತದೆ, ಅದರ ಚೂರುಗಳು ಕೆಳಗೆ ಕಾರ್ಪೆಟ್ ಮೇಲೆ ಬಿದ್ದಿರುತ್ತವೆ. ಇನ್ನೂ ಸುಲಭದ ಕಾರಣ ಫ್ಲೋರ್ ಮ್ಯಾಟ್. ದಪ್ಪ ಮ್ಯಾಟ್ ಜಾರಿ ಮುಂದೆ ಬಂದು ಪೆಡಲ್ ಕೆಳಗೆ ಮಡಿಚಿಕೊಂಡರೆ ಕೊನೆಯ ಒಂದು ಬೆರಳಿನಷ್ಟು ಪೆಡಲ್ ಕೆಳಗಿಳಿಯುವುದೇ ಇಲ್ಲ. ಮರುದಿನ ಮ್ಯಾಟ್ ತಾನೇ ಹಿಂದಕ್ಕೆ ಸರಿದಿದ್ದರೆ ಗಾಡಿ ಸ್ಟಾರ್ಟ್. ಮುಂದಿನ ಸಲ ಕೈಕೊಟ್ಟಾಗ ಮ್ಯಾಟ್ ಹೊರಗೆ ತೆಗೆದು, ಕ್ಲಚ್ಚನ್ನು ನೆಲಕ್ಕೆ ತಾಗುವಷ್ಟು ಒತ್ತಿ ಕೀ ತಿರುಗಿಸಿ. ಇದನ್ನು ಓದುತ್ತಿರುವವರಲ್ಲಿ ಆಟೋಮ್ಯಾಟಿಕ್ ಗಾಡಿ ಇರುವವರು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಹಾಕಿ ಪ್ರಯತ್ನಿಸಿ. ಅಲ್ಲಿ ಸ್ಟಾರ್ಟ್ ಆದರೆ ಗೇರ್ ಸ್ವಿಚ್ ಹೋಗಿದೆ ಅಂತ ಅರ್ಥ.

ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿಣುಕುತ್ತಿದೆಯಾ ಅಂತಲೂ ನೋಡಿ. ಕೀ ಆನ್ ಮಾಡಿದ ಮೇಲೂ ಮಿಣುಕುತ್ತಲೇ ಇದ್ದರೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಕಳ್ಳತನ ತಡೆ) ಕೀಯನ್ನು ಗುರುತಿಸದೇ ಇರಬಹುದು. ಸ್ಪೇರ್ ಕೀ ಇದ್ದರೆ ಕೆಲವು ದಿನ ಅದನ್ನೇ ಬಳಸಿ ನೋಡಿ.

ಈಗ ಟಕ್ ಅಂದು ಸುಮ್ಮನಾಗುವ ಸ್ಥಿತಿಗೆ ಬರೋಣ. ನಿಮ್ಮ ಗಾಡಿಯದು ಇದೇ ಇರಬಹುದು ಅಂತ ನನ್ನ ಅಂದಾಜು. ಗ್ಯಾರೇಜುಗಳಲ್ಲಿ ಅವಸರಕ್ಕೆ ಬಿಟ್ಟುಬಿಡುವುದೂ ಇದನ್ನೇ. ಸಣ್ಣ ಪೆಟ್ರೋಲ್ ಇಂಜಿನ್ನನ್ನು ತಿರುಗಿಸುವುದಕ್ಕೂ ಸೆಲ್ಫ್ 100ರಿಂದ 200 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೆ ಸಾಕು, 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಮೀಟರಿನ ಬೀಪ್ ಟೆಸ್ಟ್ ಹಿಡಿಯುವುದಿಲ್ಲ. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಅದಕ್ಕೇ ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಅಳೆಯುವುದು ಕಷ್ಟ ಏನಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ, ಕೀ ತಿರುಗಿಸಲು ಇನ್ನೊಬ್ಬರು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಮುಳ್ಳನ್ನು (ಮೀಟರಿನ ವೈರಿನ ಚೂಪು ತುದಿ) ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ ಇಡಿ. ಕ್ಲಾಂಪ್ ಮೇಲಲ್ಲ, ನಡುವಿನ ಸೀಸದ ಗುಬುಟಿನ ಮೇಲೇ. ಕೆಂಪು ಮುಳ್ಳನ್ನು ಇಂಜಿನ್ನಿನ ಬಣ್ಣ ಇಲ್ಲದ ಲೋಹದ ಮೇಲೆ ಒತ್ತಿ ಹಿಡಿಯಿರಿ. ಕೀ ತಿರುಗಿಸಿದಾಗ ಮೀಟರ್ 0.2 ಅಥವಾ 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ (ಇಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಕೆಟ್ಟಿದೆ. ಆಮೇಲೆ ಕೆಂಪು ಮುಳ್ಳು ಬ್ಯಾಟರಿಯ ಪಾಸಿಟಿವ್ ಪೋಸ್ಟ್ ಮೇಲೆ, ಕಪ್ಪು ಮುಳ್ಳು ಸೆಲ್ಫಿನ ದೊಡ್ಡ ಬೋಲ್ಟ್ ಮೇಲೆ. ಇಲ್ಲಿ 0.5 ವೋಲ್ಟ್ ದಾಟಬಾರದು.

ನನ್ನ ಕೈಗೆ ಬಂದಿದ್ದ ಒಂದು ಕಾರಿನ ಅರ್ಥ್ ವೈರ್ ಈಗಲೂ ಕಣ್ಣ ಮುಂದಿದೆ. ಗೇರ್‌ಬಾಕ್ಸಿನಿಂದ ಕಾರಿನ ಬಾಡಿಯವರೆಗೆ ಹೋಗುವ, ಬ್ಯಾಟರಿ ಟ್ರೇ ಅಡಿಯಲ್ಲಿ ಅಡಗಿರುವ ವೈರ್ ಅದು. ಹೊರಗಿನ ಕವಚ ಚೆನ್ನಾಗಿತ್ತು, ಬೋಲ್ಟ್ ಬಿಗಿಯಾಗಿತ್ತು. ಬಿಚ್ಚಿ, ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ತುದಿ) ಹತ್ತಿರ ವೈರನ್ನು ಬಗ್ಗಿಸಿದಾಗ ಒಳಗೆ ಕರಕರ ಅಂದಿತು. ಕವಚ ಸೀಳಿದರೆ ತಾಮ್ರದ ಜಾಗದಲ್ಲಿ ಹಸಿರು ಪುಡಿ, ಅದರ ನಡುವೆ ಹೊಳೆಯುವ ಎಳೆಗಳು ಕೆಲವೇ. ಇಂಜಿನ್ ಬಿಸಿಯಾಗಿ ವೈರ್ ಸ್ವಲ್ಪ ಸಡಿಲಗೊಂಡಾಗ ಸ್ಟಾರ್ಟ್ ಇಲ್ಲ, ತಣ್ಣಗಾದರೆ ಸ್ಟಾರ್ಟ್. ಆ ಗಾಡಿಗೆ ಅಷ್ಟರಲ್ಲೇ ಹೊಸ ಸೆಲ್ಫ್ ಹಾಕಿಯಾಗಿತ್ತು.

ಮೀಟರ್ ಇಲ್ಲದವರೂ ಇದನ್ನು ಹಿಡಿಯಬಹುದು. ಜಂಪರ್ ಕೇಬಲ್ ಇದ್ದರೆ, ಗಾಡಿ ಕೈಕೊಟ್ಟಾಗ ಅದರ ಒಂದೇ ಒಂದು ವೈರನ್ನು ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿನ ಗಟ್ಟಿ ಲೋಹಕ್ಕೆ ಕಚ್ಚಿಸಿ. ನೆಗೆಟಿವ್‌ನಿಂದ ಮಾತ್ರ, ಪಾಸಿಟಿವ್ ಕಡೆ ಹೋಗಲೇಬೇಡಿ. ಹಾಗೆ ಮಾಡಿದ ಕೂಡಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ.

ಎರಡೂ ಕಡೆ ಅಳತೆ ಸರಿ ಬಂದರೆ ಆಗ ಸೆಲ್ಫಿನ ಸರದಿ. ಅದರ ಸೊಲೆನಾಯ್ಡ್ ಮೇಲೆ ಎರಡು ದೊಡ್ಡ ಬೋಲ್ಟ್ ಇರುತ್ತವೆ. ಒಂದಕ್ಕೆ ಬ್ಯಾಟರಿಯ ದಪ್ಪ ವೈರ್ ಬರುತ್ತದೆ, ಇನ್ನೊಂದರಿಂದ ಮೋಟರ್ ಒಳಕ್ಕೆ ಹೋಗುತ್ತದೆ. ಟಕ್ ಅಂದ ಹೊತ್ತಲ್ಲಿ ಮೊದಲ ಬೋಲ್ಟಿನಲ್ಲಿ ಕರೆಂಟ್ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಎರಡರಲ್ಲೂ ಇದ್ದು ಮೋಟರ್ ತಿರುಗದಿದ್ದರೆ ಹೆಚ್ಚಾಗಿ ಮೋಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿರುತ್ತದೆ. ಆಗ ಧೈರ್ಯವಾಗಿ ಸೆಲ್ಫ್ ಬಿಚ್ಚಿಸಿ. ಕಾಂಟ್ಯಾಕ್ಟ್, ಬ್ರಷ್ ಬಿಡಿಯಾಗಿ ಸಿಗುವ ಮಾಡೆಲ್ ಆದರೆ ಇಡೀ ಮೋಟರ್ ಕೊಳ್ಳುವ ಅಗತ್ಯವೂ ಇಲ್ಲ.

ಬಿಸಿಯಾದಾಗ ಮಾತ್ರ ಟಕ್ ಕೂಡ ಬರುವುದಿಲ್ಲ ಅಂದರೆ ಸೊಲೆನಾಯ್ಡಿನ ಸಣ್ಣ ವೈರನ್ನು ನೋಡಿ. ಸೆಲ್ಫ್ ಎಷ್ಟೋ ಗಾಡಿಗಳಲ್ಲಿ ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಇರುತ್ತದೆ. ತಾಮ್ರದ ಸುರುಳಿ ಬಿಸಿಯಾದರೆ ಅದರ ತಡೆ ಹೆಚ್ಚುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಅದರ ಜೊತೆಗೆ ಹಳೆಯ ಕೀ ಸ್ವಿಚ್ಚೋ ರಿಲೇಯೋ ಒಂದೆರಡು ವೋಲ್ಟ್ ತಿಂದರೆ ಸೊಲೆನಾಯ್ಡ್ ಅಲುಗಾಡುವುದೇ ಇಲ್ಲ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ, ಹಾರ್ನಿನದ್ದೋ ಏನೋ, ಅದಲು ಬದಲು ಮಾಡಿ ನೋಡುವುದು ಒಂದು ನಿಮಿಷದ ಕೆಲಸ.

ಒಂದು ವೇಳೆ ನೀವು ಗಮನ ಕೊಟ್ಟು ನೋಡಿದಾಗ ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲ ಅಂತ ಗೊತ್ತಾದರೆ ಮೇಲಿನದ್ದೆಲ್ಲ ಪಕ್ಕಕ್ಕಿಡಿ. ಬಿಸಿಯಲ್ಲಿ ಕೈಕೊಟ್ಟು ತಣ್ಣಗಾದಾಗ ಸರಿಹೋಗುವುದು ಕ್ರ್ಯಾಂಕ್ ಸೆನ್ಸರಿನ (ಇಂಜಿನ್ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್) ಹಳೆಯ ಚಾಳಿ. ಸ್ಕ್ಯಾನರ್ ಹಾಕಿ, ಇಂಜಿನ್ ತಿರುಗುತ್ತಿರುವಾಗ ಆರ್‌ಪಿಎಂ ನೋಡಿ. ಸಾಮಾನ್ಯವಾಗಿ 150ರಿಂದ 300ರ ನಡುವೆ ಎಲ್ಲೋ ಇರಬೇಕು. ಸೊನ್ನೆಯಲ್ಲೇ ನಿಂತಿದ್ದರೆ ಸೆನ್ಸರ್ ಇಲ್ಲವೇ ಅದರ ವೈರ್. ಸ್ಕ್ಯಾನರಿನಲ್ಲಿ ದೋಷದ ಕೋಡ್ ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಸೆನ್ಸರನ್ನು ಸರಿ ಅನ್ನಬೇಡಿ. ಕೀಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡದೆ ಕಿವಿಗೊಡಿ. ಬಹುತೇಕ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಜುಂಯ್ ಅನ್ನುವ ಪಂಪ್ ಸದ್ದು ಬರುತ್ತದೆ. ಬರದಿದ್ದರೆ ಪಂಪ್ ಅಥವಾ ಅದರ ರಿಲೇ. ಕೀಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿದ ಮೇಲೆ ಸುಲಭವಾಗಿ ಸ್ಟಾರ್ಟ್ ಆದರೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಒತ್ತಡ ಇಳಿದುಹೋಗುತ್ತಿದೆ. ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಕಾಡುತ್ತದೆ ಅನ್ನುವುದಾದರೆ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ವಾಲ್ವ್) ತೆರೆದೇ ಉಳಿದಿರಬಹುದು.

ಎಚ್ಚರಿಕೆಯ ಮಾತು ಕೆಲವು. ಕೀಯನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಮತ್ತೆ ತಿರುಗಿಸುವ ಮುಂಚೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಚೆನ್ನಾಗಿರುವ ಸೆಲ್ಫೂ ಸುಟ್ಟುಹೋಗುತ್ತದೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಸೆಲ್ಫಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುವುದನ್ನು ನೋಡಿರುತ್ತೀರಿ. ದಯವಿಟ್ಟು ಮಾಡಬೇಡಿ. ಅಲ್ಲಿ ಹಾರುವ ಕಿಡಿ ಕೈ ಸುಡುತ್ತದೆ, ಗಾಡಿ ಗೇರಿನಲ್ಲಿದ್ದರೆ ಮುಂದಿರುವವರ ಮೇಲೆ ಹರಿಯುತ್ತದೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೂ ಹೋಗಬೇಡಿ.

ಇನ್ನು ಗ್ಯಾರೇಜಿಗೆ ಹೋದಾಗ ಸರಿ ಇರುತ್ತದೆ ಅನ್ನುವ ನಿಮ್ಮ ಕಷ್ಟ. ಸ್ಟಾರ್ಟ್ ಆಗದಿದ್ದಾಗ ಫೋನಿನಲ್ಲಿ ವಿಡಿಯೋ ಮಾಡಿ: ಕೀ ತಿರುಗಿಸುವ ಕೈ, ಡ್ಯಾಶ್‌ಬೋರ್ಡ್, ಆ ಸದ್ದು ಮೂರೂ ಬರಲಿ. ಎಷ್ಟು ದೂರ ಓಡಿಸಿದ ಮೇಲೆ, ಎಷ್ಟು ಹೊತ್ತು ನಿಲ್ಲಿಸಿದ ಮೇಲೆ ಅಂತ ಅಲ್ಲೇ ಮಾತಾಡಿ ಸೇರಿಸಿ. ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಕೊಡಬೇಡಿ. ಚೆನ್ನಾಗಿ ಓಡಿಸಿ, ಬಿಸಿಯಿದ್ದಾಗಲೇ ಒಯ್ಯಿರಿ. "ಸೆಲ್ಫ್ ಚೆಕ್ ಮಾಡಿ" ಅನ್ನುವ ಬದಲು "ಬಿಸಿಯಲ್ಲಿ ಸ್ಟಾರ್ಟ್ ಮಾಡುವಾಗ ಅರ್ಥ್ ಕಡೆ, ಪಾಸಿಟಿವ್ ಕಡೆ ಎಷ್ಟು ವೋಲ್ಟ್ ಬೀಳುತ್ತಿದೆ ಅಳೆದು ಹೇಳಿ" ಅಂತ ಕೇಳಿ. ಆ ಎರಡು ಅಂಕಿ ಮತ್ತು ಟಕ್ ಸದ್ದು ಬಂತೋ ಇಲ್ಲವೋ ಅನ್ನುವುದನ್ನು ಇಲ್ಲಿ ಬರೆಯಿರಿ, ಮುಂದೆ ಎಲ್ಲಿ ಬಿಚ್ಚಬೇಕು ಅಂತ ಹೇಳುತ್ತೇನೆ.